ಐನೂರ ನಲವತ್ತು ಸೂಜಿ

ಭಾನುವಾರ ರಾತ್ರಿ ತಟ್ಟೆ ತೊಳೆದ ಮೇಲೆ
ಮೂರು ಸಲ ಕೈ ತೊಳೆಯುತ್ತೇನೆ.
ಆದರೂ ಉಗುರಿನ ಸಂದಿಯಲ್ಲಿ ನೀಲಿ,
ಆರು ದಿನದ ಜೀನ್ಸ್ ಬಟ್ಟೆಯ ಬಣ್ಣ,
ಕೌಲ್ ಬಜಾರಿನ ನಲ್ಲಿ ನೀರಿಗೆ ಜಗ್ಗದ್ದು.

ಸ್ಟೀಲ್ ಲೋಟದಲ್ಲಿ ಸ್ಪಿರಿಟ್ಟು.
ಅದರಲ್ಲಿ ತಲೆಕೆಳಗಾಗಿ ನಿಂತ ರೋಲರು,
ತಲೆಯ ಸುತ್ತ ಐನೂರ ನಲವತ್ತು ಸೂಜಿ.
ಎಣಿಸಿಲ್ಲ, ಡಬ್ಬಿಯ ಮೇಲೆ ಬರೆದಿತ್ತು.

ಮೊದಲು ತರಿಸಿದವಳು ಶಮೀಮ.
ಎರಡು ವಾರ ಉರುಳಿಸಿ
"ಉರಿ ತಡ್ಕಳಾಕ ಆಗಲ್ಲಕ್ಕಾ" ಅಂದು ಬಿಟ್ಟಳು.
ನಾನೊಂದು ತರಿಸಿದೆ, ಓವರ್‌ಟೈಮಿನ ದುಡ್ಡಲ್ಲಿ,
ಮನೆಯಲ್ಲಿ ಹೇಳದೆ.
ಹದಿನಾರಕ್ಕೆ ಬಂದ ಮೊಡವೆಗಳು ಹೋಗುವಾಗ
ಕೆನ್ನೆಯ ಮಣ್ಣನ್ನೂ ಹೊತ್ತುಕೊಂಡು ಹೋಗಿದ್ದವು.

ಉದ್ದ, ಅಡ್ಡ, ಮೂಲೆಗೆ ಮೂಲೆ.
ಕರಕರ ಸದ್ದು,
ಗರಸಿನ ಮೇಲೆ ಸೈಕಲ್ ತಳ್ಳಿದ ಹಾಗೆ.
ಹಣೆಯ ಮೂಳೆ ಬಂದಾಗ ಕಣ್ಣಲ್ಲಿ ನೀರು,
ಅಳು ಅಲ್ಲ ಅದು.

ಮೊದಲ ವರ್ಷ ತಪ್ಪು ಮಾಡಿದ್ದೇ ಹೆಚ್ಚು.
ಬೇಸಿಗೆ, ಕಡುಬೇಸಿಗೆ, ಎರಡೇ ಕಾಲದ ಬಳ್ಳಾರಿಯಲ್ಲಿ
ಮರುದಿನವೇ ಮುಖ ಬಿಟ್ಟುಕೊಂಡು ನಡೆದೆ.
ಕೆಂಪಾದ ಕಡೆಯೆಲ್ಲ ಕಪ್ಪು ಕೂತಿತು.
ಏಳಲು ಹದಿನಾಲ್ಕು ತಿಂಗಳು ತೆಗೆದುಕೊಂಡಿತು.
ಯಾರೋ ಹೇಳಿದರೆಂದು ಒಮ್ಮೆ ನಿಂಬೆರಸ.
ಅದರ ಮಾತು ಬೇಡ.

ಎಂಟು ತಿಂಗಳು ಒಂದೇ ರೋಲರು ಓಡಿಸಿದೆ.
ಕೆನ್ನೆ ತುಂಬ ಗುಳ್ಳೆ.
ಚರ್ಮದ ಡಾಕ್ಟರಮ್ಮ ಕನ್ನಡಕ ಮೇಲೆತ್ತಿ ನೋಡಿದರು.
"ಏನು ಕೆಲಸ ನಿಂದು?"
"ಪ್ಯಾಂಟ್ ಹೊಲಿತೀನ್ರಿ."
"ಮಷೀನಿನ ಸೂಜಿ ಎಷ್ಟು ದಿನಕ್ಕೆ ಬದಲಾಯಿಸ್ತಿ?"
ತಲೆ ತಗ್ಗಿಸಿದೆ.
ಮೊಂಡು ಸೂಜಿ ಚುಚ್ಚೋದಿಲ್ಲ, ಎಳೆ ಹರಿಯುತ್ತೆ:
ಹೊಸ ಹುಡುಗಿಯರಿಗೆ ಮೊದಲ ದಿನ
ನಾನೇ ಹೇಳಿಕೊಡುವ ಪಾಠ.

ಇನ್ನೊಮ್ಮೆ ನೀಲಿ ಬೆರಳು ಮರೆತು ಮುಟ್ಟಿ
ದವಡೆಯ ಅಂಚಿಗೆ ಸಾಸಿವೆಯಷ್ಟು ಚುಕ್ಕೆ ಉಳಿಯಿತು.
"ಹಚ್ಚೆ ಹಾಕಿಸ್ಕಂಡ್ಯಾ?" ನಕ್ಕಳು ಶಮೀಮ.
ಅಜ್ಜಿ ಎರ್ರೆಮ್ಮನ ಮುಂಗೈ ಮೇಲೊಂದು ಚೇಳಿತ್ತು.
ಸತ್ತಾಗ ಸಂಗಡ ಬರೋದು ಇದೊಂದೇ ಕಣೇ
ಅನ್ನುತ್ತಿದ್ದಳು, ಸವರಿಕೊಂಡು.

ಹಿಂದಿನ ಶೆಡ್ಡಿನಲ್ಲಿ ಹೊನ್ನೂರಸ್ವಾಮಿ
ಹೊಸ ಪ್ಯಾಂಟಿನ ಮೊಣಕಾಲಿಗೆ ಉಪ್ಪುಕಾಗದ ತಿಕ್ಕುತ್ತಾನೆ,
ನೂಲು ಬಿಡುವ ತನಕ, ಬಿಳಿ ಕಾಣುವ ತನಕ.
"ಇನ್ನಾ ಒಂಚೂರು ಹಾಳ್ ಮಾಡಪಾ" ಅನ್ನುತ್ತಾನೆ ಮೇಸ್ತ್ರಿ.
ಹರಿದದ್ದಕ್ಕೆ ಇನ್ನೂರು ಜಾಸ್ತಿ.
ನಾನು ಜೇಬು ಹೊಲಿಯುತ್ತೇನೆ.

ನಾಲ್ಕು ವರ್ಷಕ್ಕೆ ಸಿಕ್ಕಿದ್ದೇನು ಅಂತ ಕೇಳಿದರೆ
ಹೊತ್ತು ನೋಡಿ ಹೇಳಬೇಕು.
ಬೆಳಿಗ್ಗೆ ಬಾಗಿಲಿನ ಬೆಳಕಿಗೆ ಎದುರಾಗಿ ನಿಂತರೆ
ಒಂದೂ ಕುಳಿ ಕಾಣದು, ನನಗೇ ನಂಬಿಕೆಯಾಗದು.
ಮಧ್ಯಾಹ್ನ, ಬಿಸಿಲು ನೆತ್ತಿಯಿಂದ ಕೆನ್ನೆಗೆ ಇಳಿದಾಗ
ಒಂದೊಂದೇ ಎದ್ದು ಹಾಜರಿ ಹೇಳುತ್ತವೆ,
ಆಳ ಕಡಿಮೆ, ಅಂಚು ಮೆತ್ತಗೆ, ಆದರೂ ಅವೇ.
ನಮ್ಮೂರ ಬಂಡೆಗುಡ್ಡಕ್ಕೆ ಉಲ್ಟಾ:
ಬೆಳಗಿನ ಓರೆ ಬೆಳಕಿಗೆ ಅದರ ಮೈಯೆಲ್ಲ ಗುಂಡಿ,
ಮಧ್ಯಾಹ್ನಕ್ಕೆ ನುಣ್ಣಗೆ.
ಇಬ್ಬರೂ ಪಾಳಿ ಹಂಚಿಕೊಂಡ ಹಾಗಿದೆ.

ಮನೆಯವರು ಇನ್ನೂ ಗಮನಿಸಿಲ್ಲ.
ಮೊನ್ನೆ ಮಾತ್ರ, ನಿದ್ದೆಗಣ್ಣಲ್ಲಿ,
"ಮುಖ ಯಾಕೆ ಇಷ್ಟು ಬಿಸಿ?" ಅಂದರು.

ಇವತ್ತು ಹೊಸ ಡಬ್ಬಿ ಒಡೆದೆ.
ಮುಚ್ಚಳದ ಮೇಲೆ ಬಟ್ಟೆ ಗೀರುವ ಚಾಕಿನಿಂದ
ತಾರೀಖು ಬರೆದೆ.
ಹಳೆಯದು ಬ್ಯಾಗಿನಲ್ಲಿದೆ, ಯೂನಿಟ್ಟಿನ ಸೂಜಿ ಡಬ್ಬಕ್ಕೆ.
ಅಲ್ಲಿ ಒಂದು ಸೂಜಿ ಮುರಿದರೂ
ಚೂರು ಚೂರು ಹುಡುಕಿ, ಟೇಪು ಅಂಟಿಸಿ,
ಎಲ್ಲಿ ಮುರಿಯಿತು, ಯಾಕೆ ಮುರಿಯಿತು ಅಂತ
ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು.

ನಾಳೆ ಏನಂತ ಬರೆಯಲಿ.